ಮೂರನೆಯ ಹಾಳೆ

ತಂದೆ ಬರೆಸಿಟ್ಟ ಪುಸ್ತಕದಲ್ಲಿ ಎಂಟೇ ಹಾಳೆಗಳಿದ್ದವು. ಕರುವಿನ ಚರ್ಮವನ್ನು ಹದ ಮಾಡಿ ತೆಗೆದ ಹಾಳೆಗಳು. ಎರಡೂ ಬದಿಗೆ ಬರಹ, ಬೆನ್ನಿಗೆ ಸೆಣಬಿನ ದಾರದ ಹೊಲಿಗೆ. ದೊರೆ ರೊಸ್ತಿಸ್ಲಾವ್ ತನ್ನ ಕೊನೆಯ ಚಳಿಗಾಲದಲ್ಲಿ ಕ್ಲೆನೊವ್ ಊರಿನ ಅರಮನೆಯಲ್ಲಿ ಮಲಗಿದ್ದಲ್ಲಿಂದಲೇ ಹೇಳಿ ಬರೆಸಿದ್ದ. ಬರೆದವನು ಮನೆಯ ಲಿಪಿಕಾರ ಲಾಜರ್. ದೊರೆಯನ್ನು ಮಣ್ಣು ಮಾಡಿದ ಒಂಬತ್ತನೆಯ ದಿನ ಲಾಜರ್ ಆ ಪುಸ್ತಕವನ್ನು ಒಂದು ನಾರುಬಟ್ಟೆಯಲ್ಲಿ ಸುತ್ತಿಕೊಂಡು ವೆರ್ಬಿನ್‌ಗೆ ಬಂದು ಮಗ ಗ್ಲೇಬನ ಕೈಗಿಟ್ಟ.

"ನಲವತ್ತನೇ ದಿನ, ನೆಂಟ್ರೆಲ್ಲಾ ಕೂತಿರೋವಾಗ ಓದಿಸ್ಬೇಕಂತೆ, ದೊರೆ. ಮೊದಲನೇ ಸಾಲಲ್ಲೇ ಬರ್ಸಿದಾರೆ," ಎಂದ.

"ಓದಿಸೋಣ."

"ಅದಕ್ಕೂ ಮುಂಚೆ ತಾವೊಂದ್ಸಲ ಓದಿ."

ಲಾಜರನಿಗೆ ಅರವತ್ತು ದಾಟಿತ್ತು, ಮೊಣಕಾಲು ಹಿಡಿದುಕೊಂಡಿತ್ತು. ಕ್ಲೆನೊವ್ ಈಗ ಸತ್ತ ದೊರೆಯ ತಮ್ಮನ ಪಾಲಾಗಿದ್ದರಿಂದ ಅಲ್ಲಿ ಅವನಿಗೆ ಜಾಗವಿರಲಿಲ್ಲ. ಆ ಸೀಮೆಯ ದೊರೆಗಳಲ್ಲಿ ಪದ್ಧತಿಯೇ ಹಾಗೆ: ತಂದೆ ಸತ್ತರೆ ಊರು ಮಗನಿಗಲ್ಲ, ತಂದೆಯ ತಮ್ಮನಿಗೆ. ಗ್ಲೇಬನಿಗೆ ಉಳಿದದ್ದು ವೆರ್ಬಿನ್ ಒಂದೇ. ನದಿಯ ತಿರುವಿನಲ್ಲಿ ಮರದ ಕೋಟೆ, ಒಂದು ಕಲ್ಲಿನ ಚರ್ಚು, ಆರುನೂರು ಮನೆ. ಅದು ಇಲ್ಲದಿದ್ದರೆ ಅವನು ಊರಿಲ್ಲದ ದೊರೆ; ಅಂಥವರು ಯಾರ ಯಾರದೋ ಪಂಕ್ತಿಯ ಕೊನೆಯಲ್ಲಿ ಕೂತು ಉಣ್ಣುವುದನ್ನು ಅವನು ನೋಡಿದ್ದ.

ಅವನು ಓದಿದ್ದು ಮಧ್ಯಾಹ್ನದ ಹೊತ್ತಿನಲ್ಲಿ. ಉಂಡ ಮೇಲೆ ದೊರೆಯಿಂದ ಹಿಡಿದು ಕುದುರೆಯಾಳಿನವರೆಗೆ ಎಲ್ಲರೂ ಮಲಗುವ ಹೊತ್ತು ಅದು. ಗ್ಲೇಬ್ ಓದುವುದರಲ್ಲಿ ನಿಧಾನ, ತುಟಿ ಆಡಿಸದೆ ಒಂದಕ್ಷರವೂ ಒಳಗೆ ಹೋಗುತ್ತಿರಲಿಲ್ಲ. ಮೊದಲ ಎರಡು ಹಾಳೆಗಳನ್ನು ಅವನು ಸಂತೋಷದಿಂದಲೇ ಓದಿದ. ತಂದೆಯ ದನಿಯೇ ಕೇಳಿದಂತಾಯಿತು. 'ಮಕ್ಕಳೇ, ನ್ಯಾಯ ಹೇಳಲು ಕೂರುವ ಮೊದಲು ಉಂಡು ಕೂರಿ. ಹಸಿದವನ ತೀರ್ಪು ಗಿಡ್ಡವಾಗುತ್ತದೆ. ತೆನೆ ನಿಂತ ಹೊಲದಲ್ಲಿ ನಿಮ್ಮ ಸವಾರರು ಹಾದರೆ ಮೊದಲು ನಿಮ್ಮ ಕುದುರೆಯನ್ನೇ ದಂಡವಾಗಿ ಒಪ್ಪಿಸಿ. ದೂರದ ವರ್ತಕನ ಉಚ್ಚಾರಕ್ಕೆ ನಗಬೇಡಿ. ನಿಮ್ಮ ಹೆಸರನ್ನು ಹತ್ತು ಊರಿಗೆ ಹೊರುವವನು ಅವನೇ.' ಎರಡನೆಯ ಹಾಳೆ ವಿಧವೆಯರಿಗೆ ಚಳಿಗಾಲದಲ್ಲಿ ಸೌದೆ ಕಳಿಸುವ ಮಾತಿಗೆ ಮುಗಿಯಿತು.

ಮೂರನೆಯ ಹಾಳೆ ಹೀಗಿತ್ತು:

'ಶಿಲುಬೆಗೆ ಮುತ್ತಿಟ್ಟು ಮಾತು ಕೊಡುವ ಮೊದಲು ಹತ್ತು ಸಲ ಯೋಚಿಸಿ. ಕೊಟ್ಟ ಮೇಲೆ ಯೋಚಿಸಬೇಡಿ. ನಾನು ಕೊಟ್ಟ ಮೇಲೆ ಯೋಚಿಸಿದೆ. ನನ್ನಣ್ಣ ದಾವೀದ್ ಸಾಯುವಾಗ ಅವನ ಮಗ ಇಂಗ್ವಾರನಿಗೆ ಆರು ವರ್ಷ. ಅವನಿಗೆ ಹದಿನೈದು ತುಂಬಿದ ದಿನ ವೆರ್ಬಿನ್ ಅವನಿಗೆ ಒಪ್ಪಿಸುತ್ತೇನೆಂದು ಅಣ್ಣನ ಹಾಸಿಗೆಯ ಮುಂದೆ ಶಿಲುಬೆಗೆ ಮುತ್ತಿಟ್ಟೆ, ಪತ್ರ ಬರೆದುಕೊಟ್ಟೆ. ಹದಿನೈದು ತುಂಬಿತು. ನಾನು ಊರನ್ನು ನನ್ನ ಮಗನಿಗೆ ಕೊಟ್ಟೆ. ಅಣ್ಣನ ಊರು ತಮ್ಮನಿಗೆ ಸೇರುವುದು ಪದ್ಧತಿ ಎಂದು ಕೇಳಿದವರಿಗೆಲ್ಲ ಹೇಳಿದೆ. ಪದ್ಧತಿ ನಿಜ. ಆದರೆ ಮುತ್ತಿಟ್ಟವನು ಪದ್ಧತಿಯ ಹಿಂದೆ ಅಡಗಬಾರದು. ಹುಡುಗನ ತಾಯಿ ನನ್ನ ಪತ್ರವನ್ನು ತಿರುಗಿ ಕಳಿಸಿದಳು. ಅವಳ ದೂತ ಅದನ್ನು ಎಲ್ಲರೆದುರು ನನ್ನ ಕಾಲ ಬಳಿ ನೆಲದ ಮೇಲಿಟ್ಟು ಹೋದ. ಅದನ್ನು ಎತ್ತಿಕೊಳ್ಳಲು ನಾನು ಸಭೆ ಖಾಲಿಯಾಗುವವರೆಗೆ ಕಾದೆ. ವೆರ್ಬಿನ್ ಇಂಗ್ವಾರನದು. ಗ್ಲೇಬ್, ನಿನ್ನ ಕೈಯಿಂದಲೇ ಕೊಡು. ನಿನ್ನ ಮುಖ ನೋಡಿಕೊಂಡು ಈ ಮಾತು ಹೇಳುವ ಧೈರ್ಯ ನನಗೆ ಬರಲಿಲ್ಲ.'

ಗ್ಲೇಬ್ ಅದನ್ನು ಮೂರು ಸಲ ಓದಿದ. ದೂತ ಪತ್ರ ಇಟ್ಟುಹೋದ ದಿನ ಅವನೂ ಆ ಸಭೆಯಲ್ಲಿದ್ದ. ಆಗ ಅವನಿಗೆ ಇಪ್ಪತ್ತಮೂರು. ಆಮೇಲಿನ ಏಳು ವರ್ಷ 'ಪದ್ಧತಿ' ಎಂಬ ಮಾತನ್ನೇ ಅವನೂ ಹೇಳಿಕೊಂಡು ಬಂದಿದ್ದ. ಮೊದಲು ಬಂದದ್ದು ಸಿಟ್ಟು. ಬದುಕಿರುವವರೆಗೆ ನ್ಯಾಯವಂತ ಎನಿಸಿಕೊಂಡ ತಂದೆ, ನಾಚಿಕೆಯನ್ನೆಲ್ಲ ಮಗನ ತಲೆಗೆ ಕಟ್ಟಿ ಹೋಗಿದ್ದ. ಸಿಟ್ಟಿನಲ್ಲೇ ಅವನು ಸೊಂಟದ ಚಾಕು ತೆಗೆದ. ಕೆಲಸ ಮಾತ್ರ ಎಚ್ಚರದಿಂದ ಮಾಡಿದ. ಎರಡನೆಯ ಹಾಳೆ ಪೂರ್ಣವಾಕ್ಯಕ್ಕೆ ಮುಗಿದಿತ್ತು, ನಾಲ್ಕನೆಯದು ಹೊಸ ಮಾತಿನಿಂದ ಶುರುವಾಗುತ್ತಿತ್ತು: 'ಇನ್ನು ಬೇಟೆಯ ವಿಷಯ.' ನಡುವಿನದು ಹೋದರೆ ಓದುವವರಿಗೆ ತಿಳಿಯುವಂತಿರಲಿಲ್ಲ. ಗುರುತು ಉಳಿಯಬಾರದೆಂದು ಮಡಿಕೆಗೆ ಆನಿಸಿ, ಹೊಲಿಗೆಯ ದಾರಕ್ಕೆ ತಾಗದಂತೆ ಕತ್ತರಿಸಿದ.

ರೊಟ್ಟಿ ಸುಡುವ ಗೂಡಿನಲ್ಲಿ ಕೆಂಡ ಇನ್ನೂ ಇತ್ತು. ಚರ್ಮ ಕಾಗದದಂತೆ ಸುಡುವುದಿಲ್ಲ. ಅದು ಮುದುಡಿತು, ಉಬ್ಬಿತು, ಕೂದಲು ಸುಟ್ಟ ನಾತ ಬಿಟ್ಟಿತು. ಮಲಗಿದ್ದ ಅಡುಗೆಯವಳು ಎದ್ದು ಕೂತಳು.

"ಯಾರ್ರೀ ಅದು, ಗೊರಸು ಸುಡ್ತಿರೋದು?"

"ಚಪ್ಪಲಿ ಬಾರು ಬಿತ್ತು. ನೀನು ಮಲಕ್ಕೋ," ಎಂದ ಗ್ಲೇಬ್. ಮೂವತ್ತು ವರ್ಷದ ದೊರೆ ಅಡುಗೆಯವಳಿಗೆ ಸುಳ್ಳು ಹೇಳಿ ಗೂಡಿನ ಮುಂದೆ ಕಡ್ಡಿ ಹಿಡಿದು ಕೂತಿದ್ದ.

ಸಂಜೆ ಲಾಜರ್ ಅಂಗಳದಲ್ಲಿ ಸಿಕ್ಕಿದ.

"ಓದಿದ್ರಾ, ದೊರೆ?"

"ಓದ್ದೆ. ಚೆನ್ನಾಗಿದೆ."

"ಎಲ್ಲಾ ಓದಿದ್ರಾ?"

"ಎಲ್ಲಾ."

"ಹಂಗಾದ್ರೆ ಸರಿ," ಎಂದು ಲಾಜರ್ ತನಗೆ ಕೊಟ್ಟಿದ್ದ ಕೋಣೆಗೆ ಹೋದ. ಅವನು ಬಾಯಿ ಬಿಡುವುದಿಲ್ಲವೆಂದು ಗ್ಲೇಬನಿಗೆ ಗೊತ್ತಿತ್ತು. ಆ ಕೋಣೆ, ಅವನು ತಿನ್ನುವ ರೊಟ್ಟಿ ಎರಡೂ ಗ್ಲೇಬನವು.

ಸುಟ್ಟರೂ ಹಾಳೆ ಹೋಗಲಿಲ್ಲ. ತುಟಿ ಆಡಿಸಿ ಓದಿದ ಕಾರಣಕ್ಕೋ ಏನೋ, ಕುದುರೆ ಹತ್ತುವಾಗ, ಸ್ನಾನದ ಮನೆಯಲ್ಲಿ, ಪ್ರಾರ್ಥನೆಗೆ ನಿಂತಾಗ ಅದರ ಒಂದೊಂದು ಸಾಲೂ ತುಟಿಗೆ ಬರುತ್ತಿತ್ತು.

ನಲವತ್ತನೆಯ ದಿನ ಮೇ ತಿಂಗಳ ಕೊನೆಗೆ ಬಿತ್ತು. ಬೆಳಿಗ್ಗೆ ಚರ್ಚಿನಲ್ಲಿ ಸತ್ತವರ ಪ್ರಾರ್ಥನೆ ಮುಗಿಸಿ ಎಲ್ಲರೂ ದೊಡ್ಡ ಪಡಸಾಲೆಗೆ ಬಂದರು. ಗ್ಲೇಬನ ಅಕ್ಕ ಎಫೀಮಿಯಾ ಗಂಡ ಸತ್ತ ಮೇಲೆ ಸನ್ಯಾಸಿನಿಯರ ಮಠ ಸೇರಿದ್ದಳು; ದೋಣಿಯಲ್ಲಿ ಎರಡು ದಿನ ಪಯಣ ಮಾಡಿ ಬಂದಿದ್ದಳು. ದಾವೀದನ ಮಗ ಇಂಗ್ವಾರ್ ನಾಲ್ಕು ಜನ ಸವಾರರೊಂದಿಗೆ ಬಂದ. ಅವನಿಗೀಗ ಇಪ್ಪತ್ತೆರಡು, ವೆರ್ಬಿನ್‌ಗೆ ಬದಲಾಗಿ ಸಿಕ್ಕಿದ್ದ ಎರಡು ಜೌಗು ಹಳ್ಳಿಗಳಲ್ಲಿ ತಾಯಿಯೊಂದಿಗೆ ಇದ್ದ. ಬಾಗಿಲಲ್ಲೇ ಅವನನ್ನು ತಡೆದವನು ಪುತ್ಯಾತ. ರೊಸ್ತಿಸ್ಲಾವನ ಕಾಲದ ಸೇನಾನಿ, ದೊಡ್ಡ ಹೊಟ್ಟೆ, ಅದಕ್ಕೂ ದೊಡ್ಡ ಗಂಟಲು.

"ಏನಪ್ಪಾ ಇಂಗ್ವಾರ್, ನಿಮ್ಮೂರ ಕಪ್ಪೆಗಳೆಲ್ಲಾ ಕ್ಷೇಮವಾ?"

"ಕ್ಷೇಮ, ಮಾವ. ನಿಮ್ಮನ್ನೇ ಕೇಳ್ತಿದ್ವು. 'ನಮ್ಮೋನೊಬ್ಬ ವೆರ್ಬಿನ್‌ನಲ್ಲಿದಾನೆ, ದನಿ ಇಲ್ಲೀವರೆಗೂ ಕೇಳುತ್ತೆ' ಅಂತಿದ್ವು."

ಸುತ್ತ ನಿಂತವರು ನಕ್ಕರು. ಪುತ್ಯಾತನೂ ನಕ್ಕ. ಇಂಗ್ವಾರ್ ಒಳಗೆ ಬಂದು ಗ್ಲೇಬನ ಎರಡೂ ಕೆನ್ನೆಗೆ ಮುತ್ತಿಟ್ಟ. "ದೊಡ್ಡ ಜೀವ ಹೋಯ್ತಲ್ಲ, ಅಣ್ಣ," ಎಂದ. ಅದರಲ್ಲಿ ಕುಹಕವಿತ್ತೇ ಎಂದು ಗ್ಲೇಬ್ ಹುಡುಕಿದ, ಸಿಗಲಿಲ್ಲ.

ಮೊದಲು ಜೇನು ಬೆರೆಸಿದ ಗೋಧಿಯನ್ನು ಎಲ್ಲರೂ ಮೂರು ಮೂರು ಚಮಚ ತಿಂದರು. ಆಮೇಲೆ ಮೀನು, ಓಟ್ಸ್ ಗಂಜಿ, ಜೇನುಗಳ್ಳು. ಪಾತ್ರೆ ತೆಗೆದ ನಂತರ ಎಫೀಮಿಯಾ ಪುಸ್ತಕ ತೆಗೆದುಕೊಂಡಳು. ಮಠದಲ್ಲಿ ದಿನವೂ ಓದುವವಳು. ದನಿ ಸಣ್ಣದಾದರೂ ಪಡಸಾಲೆಯ ಕೊನೆಗೂ ಮುಟ್ಟುತ್ತಿತ್ತು. ಲಾಜರ್ ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ ಕೂತಿದ್ದ.

ಎರಡನೆಯ ಹಾಳೆಯ ಕೊನೆ ಬಂತು. ವಿಧವೆಯರ ಸೌದೆ. ಅವಳು ಹಾಳೆ ಮಗುಚಿದಳು. 'ಇನ್ನು ಬೇಟೆಯ ವಿಷಯ,' ಎಂದು ಓದಿದಳು. ಯಾರೂ ತಲೆ ಎತ್ತಲಿಲ್ಲ. ಬೇಟೆಯ ಮಾತಿಗೆ ಸವಾರರು ಮುಗುಳ್ನಕ್ಕರು. ಗ್ಲೇಬನ ಬೆನ್ನ ಬೆವರು ಆರಿತು. ಅವನು ಒಂದು ಗುಟುಕು ಕುಡಿದ, ಧೈರ್ಯ ಮಾಡಿ ಲಾಜರನ ಕಡೆಗೂ ನೋಡಿದ. ಮುದುಕ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ.

ಮುಂದಿನ ಹಾಳೆ ನದಿ ದಾಟಿಸುವ ಅಂಬಿಗರ ಬಗ್ಗೆ. ಅದನ್ನು ಮುಗಿಸಿ ಎಫೀಮಿಯಾ ಮಗುಚಿದಾಗ ಅದರ ಮುಂದಿನ ಆರನೆಯ ಹಾಳೆ ಅವಳ ಕೈಯಲ್ಲಿ ನಿಲ್ಲಲಿಲ್ಲ. ಪುಸ್ತಕದಿಂದ ಕಳಚಿಕೊಂಡು ಜಾರಿ, ಮೇಜಿನ ಅಂಚಿಗೆ ತಾಗಿ, ಇಂಗ್ವಾರನ ಕಾಲ ಬಳಿ ನೆಲಕ್ಕೆ ಬಿತ್ತು.

ಸತ್ತ ದೊರೆಯ ಮಾತು ಅವನ ನಲವತ್ತನೆಯ ದಿನವೇ ನೆಲಕ್ಕೆ ಬೀಳುವುದೆಂದರೆ ಒಳ್ಳೆಯ ಶಕುನವಲ್ಲ. ಒಬ್ಬಿಬ್ಬರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ಮೊದಲು ಬಾಯಿ ತೆರೆದವನು ಪುತ್ಯಾತ. "ಲೋ ಲಾಜರ್! ಇದೇನೋ ನಿನ್ನ ಹೊಲಿಗೆ? ದೊರೆ ಮಾತು ಕಟ್ಟೋಕೆ ನಿಂಗೆ ದಾರ ಸಿಗಲಿಲ್ವಾ? ಕುಡ್ಕೊಂಡು ಹೊಲ್ದಿದೀಯಾ!"

ನಗೆ ಎದ್ದಿತು. ಹೆದರಿಕೆ ಕಳೆಯಲು ನಕ್ಕ ನಗೆ ಅದು. ಎಲ್ಲರೂ ಬಾಗಿಲ ಕಡೆ ತಿರುಗಿದರು.

ಲಾಜರ್ ಎದ್ದು ನಿಂತ. ಅವನು ಪುಸ್ತಕವನ್ನು ನೋಡಲಿಲ್ಲ, ಗ್ಲೇಬನನ್ನು ನೋಡಿದ. ಆ ನೋಟದಲ್ಲಿ ಬೈಗುಳವಿರಲಿಲ್ಲ; 'ಏನು ಹೇಳಲಿ?' ಎಂದು ಕೇಳುವಂತಿತ್ತು ಅಷ್ಟೆ. ಆಗ ಗ್ಲೇಬನ ಬಾಯಿಂದ ಮಾತು ತಾನಾಗಿ ಹೊರಟಿತು:

"ಇನ್ಮೇಲಾದ್ರೂ ಗಟ್ಟಿಯಾಗಿ ಹೊಲಿ, ಲಾಜರ್."

ಆಡಿದ ಮಾತು ತನ್ನದೇ ಎಂದು ಅವನಿಗೆ ಒಂದು ಕ್ಷಣ ನಂಬಿಕೆಯಾಗಲಿಲ್ಲ.

"ಆಗ್ಲಿ, ದೊರೆ," ಎಂದ ಲಾಜರ್. "ಕೈ ನಡುಗುತ್ತೆ ಈಗೀಗ. ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ಸಾಕಾ?" ಪುತ್ಯಾತ ಬಿಡಲಿಲ್ಲ. "ನೆಲ ಮುಟ್ಟಿ ಕೇಳ್ಕೋ. ಸತ್ತೋರ ಮಗಳಿದಾಳೆ, ಅಣ್ಣನ ಮಗ ಇದಾನೆ, ಅವ್ರ ಮುಂದೆ ಕೇಳ್ಕೋ."

ಸತ್ತವನ ಊಟದಲ್ಲಿ ತಪ್ಪು ಮಾಡಿದವನು ನೆಂಟರ ಮುಂದೆ ನೆಲಕ್ಕೆ ಹಣೆ ಮುಟ್ಟಿಸಬೇಕು, ಅದೂ ಪದ್ಧತಿಯೇ. ಲಾಜರ್ ನಡುವಿಗೆ ಬಂದ. ಒಂದು ಕೈಯಿಂದ ಬೆಂಚು ಹಿಡಿದು ಮೊದಲು ಒಂದು ಮೊಣಕಾಲು, ಸ್ವಲ್ಪ ತಡೆದು ಇನ್ನೊಂದು ಊರಿದ. ಮೂಳೆ ಸದ್ದು ಮಾಡಿತು. ಬೋಳುತಲೆ ಬಗ್ಗಿ ನೆಲಕ್ಕೆ ತಾಗಿತು. ಹದಿನಾರು ವರ್ಷದ ಹಿಂದೆ ದಾವೀದನ ಹಾಸಿಗೆಯ ಪಕ್ಕ ಆ ಪತ್ರ ಬರೆದದ್ದೂ ಇದೇ ಮುದುಕ.

ಅಷ್ಟರಲ್ಲಿ ಎಫೀಮಿಯಾ ಪುಸ್ತಕದ ಮಡಿಕೆಯ ಮೇಲೆ ಬೆರಳಾಡಿಸುತ್ತಿದ್ದಳು. ತಲೆ ಎತ್ತಿ ತಮ್ಮನನ್ನು ನೋಡಿ, ಮತ್ತೆ ಕಣ್ಣು ಇಳಿಸಿದಳು. ಗ್ಲೇಬ್ ಅವಳ ಬಾಯಿಂದ ಅದು ಬರಲಿ ಎಂದು ಕಾದ. ಅವಳು ಹೇಳಿಬಿಟ್ಟರೆ ಎಷ್ಟು ಸುಲಭವಿತ್ತು. ಅವಳು ಹೇಳುವವಳಲ್ಲ, ತಮ್ಮನ ಮಾನ ಉಳಿಸಲು ಈ ಸುಳ್ಳನ್ನು ಮಠಕ್ಕೆ ಹೊತ್ತುಕೊಂಡು ಹೋಗುವವಳು.

"ಏಳು, ಲಾಜರ್," ಎಂದ ಗ್ಲೇಬ್.

"ಇರ್ಲಿ, ದೊರೆ."

"ಏಳು ಅಂದ್ನಲ್ಲ. ಹೊಲಿಗೆ ಸರಿಯಾಗೇ ಇತ್ತು. ಒಂದು ಹಾಳೆ ನಾನು ಕತ್ತರಿಸ್ದೆ."

ಯಾರಿಗೂ ಅರ್ಥವಾಗಲಿಲ್ಲ. "ಯಾಕೆ?" ಎಂದು ಕೇಳಿದವಳು ಎಫೀಮಿಯಾ.

"ಅದು... ಮಸಿ ಚೆಲ್ಲಿತ್ತು. ಕಲೆಯಾಗಿತ್ತು."

ಹೇಳಿದೊಡನೆ ಅವನಿಗೆ ಗೊತ್ತಾಯಿತು: ಅರ್ಧ ನಿಜ ಹೇಳಿ ಉಳಿದರ್ಧಕ್ಕೆ ಮತ್ತೆ ಲಾಜರನ ಕೈಗೇ ಮಸಿ ಬಳಿದಿದ್ದ. ಇಂಗ್ವಾರ್ ಬಗ್ಗಿ, ನೆಲದ ಮೇಲಿದ್ದ ಹಾಳೆ ಎತ್ತಿಕೊಂಡ. ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿದ.

"ಕಲೆಯಾಗಿದ್ ಹಾಳೆ ಎಲ್ಲಿದೆ, ಅಣ್ಣ?"

"ಸುಟ್ಟೆ."

"ಒಂದು ಕಲೆಗೆ ಸುಟ್ಯಾ?" ಇಂಗ್ವಾರನ ದನಿ ಏರಲಿಲ್ಲ. "ನಮ್ಮ ಹಳ್ಳೀಲಿ ಕಲೆಯಾದ್ರೆ ಕಲ್ಲಲ್ಲಿ ಉಜ್ಜಿ ಮತ್ತೆ ಬರೀತಾರೆ. ನಾವು ಬಡವ್ರಪ್ಪ. ಅದ್ರಲ್ಲಿ ಏನಿತ್ತು?"

ಗ್ಲೇಬ್ ಎದ್ದು ನಿಂತ. ಕೂತು ಹೇಳುವ ಮಾತಲ್ಲ ಅದು. ಮೇಜಿನ ಅಂಚು ಹಿಡಿದು, ಸೌದೆಯ ಮಾತು ಮುಗಿದ ಜಾಗದಿಂದ ಶುರುಮಾಡಿದ. 'ಶಿಲುಬೆಗೆ ಮುತ್ತಿಟ್ಟು ಮಾತು ಕೊಡುವ ಮೊದಲು ಹತ್ತು ಸಲ ಯೋಚಿಸಿ.' ಒಂದು ಪದವೂ ತಪ್ಪಲಿಲ್ಲ. 'ನಾನು' ಎಂದು ತಂದೆ ಹೇಳಿದ್ದಲ್ಲೆಲ್ಲ ಅವನೂ 'ನಾನು' ಎನ್ನಬೇಕಾಯಿತು. ನೆಲದ ಮೇಲಿನ ಪತ್ರವನ್ನು ಎತ್ತಿಕೊಳ್ಳಲು ಸಭೆ ಖಾಲಿಯಾಗುವವರೆಗೆ ಕಾದ ಮಾತು ಬಂದಾಗ ಪುತ್ಯಾತ ಅವನ ತೋಳು ಹಿಡಿದು ಕಿವಿಯ ಬಳಿ ಅಂದ: "ಸಾಕು ದೊರೆ, ಇಲ್ಲಿಗೆ ನಿಲ್ಸಿ. ಇದೇ ಕೊನೆ ಅಂದ್ಕೋತಾರೆ."

ನಿಲ್ಲಿಸಬಹುದಿತ್ತು. ತಂದೆ ತಪ್ಪೊಪ್ಪಿಕೊಂಡಂತಾಗುತ್ತಿತ್ತು, ಅಳುವವರು ಅಳುತ್ತಿದ್ದರು, ಊರು ಇದ್ದಲ್ಲೇ ಇರುತ್ತಿತ್ತು. ಹಾಳೆ ಸುಟ್ಟಿತ್ತು, ಬರೆದವನು ಲಾಜರ್, ಅವನು ಬಾಯಿ ಬಿಡುತ್ತಿರಲಿಲ್ಲ. ಲಾಜರ್ ಇನ್ನೂ ನೆಲದ ಮೇಲೇ ಇದ್ದ. ಏಳಲು ಯಾರೂ ಕೈ ಕೊಟ್ಟಿರಲಿಲ್ಲ.

"ವೆರ್ಬಿನ್ ಇಂಗ್ವಾರನದು," ಎಂದ ಗ್ಲೇಬ್. "ಗ್ಲೇಬ್, ನಿನ್ನ ಕೈಯಿಂದಲೇ ಕೊಡು." ಕೊನೆಯ ಸಾಲನ್ನೂ ಹೇಳಿದ. ಆಮೇಲೆ ಹೋಗಿ ಲಾಜರನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ. ಮುದುಕ ತುಂಬ ಹಗುರವಿದ್ದ.

ಪಾದ್ರಿ ಮೇಜಿನ ಮೇಲಿದ್ದ ಶಿಲುಬೆ ಕೈಗೆತ್ತಿಕೊಂಡ. "ಇದು ದೊರೆಯ ಮಾತೇ ಅಂತ ಮುತ್ತಿಟ್ಟು ಹೇಳಿ, ಸ್ವಾಮಿ. ಎಲ್ಲರಿಗೂ ಸಮಾಧಾನ."

"ಬೇಡ, ಗುರುಗಳೇ," ಎಂದ ಇಂಗ್ವಾರ್. "ಈ ಮನೇಲಿ ಶಿಲುಬೆಗೆ ಮತ್ತೆ ತೊಂದ್ರೆ ಕೊಡ್ಬೇಡಿ."

ಈ ಸಲ ಯಾರೂ ನಗಲಿಲ್ಲ. ಗ್ಲೇಬನಿಗೆ ಕಿವಿಯವರೆಗೂ ರಕ್ತ ಏರಿತು. ನಂಬಿ ಎಂದು ಕೇಳುವ ಹಕ್ಕೂ ಅವನಿಗೆ ಉಳಿದಿರಲಿಲ್ಲ.

"ಬರ್ಕೊಡು," ಎಂದ ಇಂಗ್ವಾರ್. "ಈಗ ಹೇಳಿದ್ನೆಲ್ಲಾ."

ಲಾಜರ್ ಸೊಂಟದ ಚೀಲಕ್ಕೆ ಕೈ ಹಾಕಿದ.

"ನೀವಲ್ಲ, ತಾತ. ಅವ್ನೇ ಬರೀಲಿ."

ನೆಂಟರು ಒಬ್ಬೊಬ್ಬರಾಗಿ ಎದ್ದು ಹೊರಟರು. ಹೋಗುವಾಗ ಪದ್ಧತಿಯಂತೆ ದೊರೆಗೆ ಬಗ್ಗಿದರು, ಯಾರ ಕಡೆಗೆ ಬಗ್ಗಬೇಕೆಂದು ತಿಳಿಯದೆ ಇಬ್ಬರ ನಡುವಿನ ಗೋಡೆಗೆ ಬಗ್ಗಿದರು. ಪುತ್ಯಾತ ಯಾರನ್ನೂ ನೋಡದೆ ಹೋದ. ಪಡಸಾಲೆಯಲ್ಲಿ ನಾಲ್ಕೇ ಜನ ಉಳಿದರು. ಲಾಜರ್ ತನ್ನ ಬಳಿಯಿದ್ದ ಒಂದೇ ಒಂದು ಚರ್ಮದ ತುಂಡನ್ನು ಹರಡಿ, ಮೂಳೆಯ ಕಡ್ಡಿಯಿಂದ ಗೆರೆ ಎಳೆದುಕೊಟ್ಟ.

ಗ್ಲೇಬ್ ಬಹಳ ಹೊತ್ತು ಬರೆದ. ಅವನಿಗೆ ಬರೆದು ಅಭ್ಯಾಸವಿರಲಿಲ್ಲ. ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿದವು, ಬೆರಳಿಗೆ ಮಸಿಯಾಯಿತು, ತುಟಿ ಆಡುತ್ತಲೇ ಇತ್ತು. ಎಫೀಮಿಯಾ ಎದುರು ಕೂತು ನೋಡುತ್ತಿದ್ದಳು. ಇಂಗ್ವಾರ್ ಕಿಟಕಿಯ ಬಳಿ ನಿಂತು ನದಿ ನೋಡುತ್ತಿದ್ದ. ಹದಿನಾರು ವರ್ಷವಾಗಿತ್ತು ಅವನು ಆ ಕಿಟಕಿಯಿಂದ ನೋಡಿ.

ಪಕ್ಕದಲ್ಲಿ ಕೂತಿದ್ದ ಲಾಜರ್ ಮೆಲ್ಲನೆ ಅಂದ: "ಒಂದು ಬೆರಳಗಲ ಬಿಟ್ಟು ಕತ್ತರಿಸಿದ್ರೆ ನಿಲ್ತಿತ್ತು, ದೊರೆ."

ಗ್ಲೇಬ್ ತಲೆ ಎತ್ತಿದ.

"ಮೂರನೇದೂ ಆರನೇದೂ ಒಂದೇ ಚರ್ಮ. ನಡುವೆ ಮಡಚಿ ಹೊಲ್ದಿರ್ತೀವಿ. ಮಡಿಕೆಗೆ ಆನ್ಸಿ ಒಂದನ್ನ ಕತ್ತರಿಸಿದ್ರೆ ಇನ್ನೊಂದು ಯಾವ್ದನ್ನ ಹಿಡ್ಕೊಂಡು ನಿಲ್ಬೇಕು?"

"ನಿಂಗೆ ಆವತ್ತೇ ಗೊತ್ತಿತ್ತಾ?"

"'ಎಲ್ಲಾ ಓದ್ದೆ' ಅಂದ್ರಲ್ಲ, ಆಗ ಗೊತ್ತಾಯ್ತು. ಎಲ್ಲಾ ಓದಿದೋರು ಹಂಗೆ ಸಲೀಸಾಗಿ ಅನ್ನಲ್ಲ."

"ಮತ್ತೆ ಯಾಕೆ ಸುಮ್ನಿದ್ದೆ?"

ಲಾಜರ್ ಲೇಖನಿಯ ಮೊನೆ ಹೆರೆದು ಅವನ ಕೈಗೆ ಕೊಟ್ಟ. "ನಿಮ್ಮ ಅಪ್ಪಾಜಿ ಇದ್ದಾಗ್ಲೂ ಸುಮ್ನಿದ್ದೆ. ಅಭ್ಯಾಸ ಆಗೋಗಿದೆ."

ಬರೆದು ಮುಗಿದಾಗ ಬಿಸಿಲು ಮೇಜು ದಾಟಿತ್ತು. ಹಾಳೆಯ ಕೆಳಗೆ ಎರಡು ಗೆರೆಯ ಜಾಗ ಉಳಿದಿತ್ತು. ಗ್ಲೇಬ್ ಅದರಲ್ಲಿ ಯಾರೂ ಹೇಳದೆ ಬರೆದ: 'ಇದರ ಮೂಲ ಹಾಳೆ ಕತ್ತರಿಸಿ ಸುಟ್ಟವನು ನಾನು, ಗ್ಲೇಬ್. ಹೊಲಿಗೆ ತಪ್ಪಿರಲಿಲ್ಲ.' ಇಂಗ್ವಾರ್ ಬಂದು ಎತ್ತಿಕೊಂಡು ಓದಿದ. ಎರಡು ಕಡೆ ಅಕ್ಷರ ತಿಳಿಯದೆ ಕೇಳಿದ. ಮಡಚಿ ಅಂಗಿಯೊಳಗೆ ಇಟ್ಟುಕೊಂಡ.

"ಹುಲ್ಲು ಕೊಯ್ಲು ಮುಗಿದ್ಮೇಲೆ ಬರ್ತೀನಿ," ಎಂದ. "ನಡುವೆ ಬಂದ್ರೆ ಜನಕ್ಕೆ ತೊಂದ್ರೆ."

"ಆಗ್ಲಿ."

"ನೀನೆಲ್ಲಿಗೆ ಹೋಗ್ತೀಯ?"

ಗ್ಲೇಬನಿಗೇ ಅದು ಗೊತ್ತಿರಲಿಲ್ಲ. ಅಕ್ಕನ ಮಠದಲ್ಲಿ ಗಂಡಸರಿಗೆ ಜಾಗವಿರಲಿಲ್ಲ.

"ನನ್ನ ಹಳ್ಳಿ ಎರಡೂ ಖಾಲಿ ಬೀಳ್ತವೆ," ಎಂದ ಇಂಗ್ವಾರ್ ಬಾಗಿಲ ಕಡೆ ನಡೆಯುತ್ತ. "ಮನೆ ಗಟ್ಟಿಯಾಗಿದೆ. ಮಾಡು ಹೋದ ವರ್ಷ ಹೊಸದು ಹಾಕಿಸ್ದೆ. ಸೊಳ್ಳೆ ಜಾಸ್ತಿ."

ಏಳು ವರ್ಷ ಅವನನ್ನು ಕೂಡಿಹಾಕಿದ್ದ ಜಾಗ. ಅದನ್ನು ದಾನದಂತೆಯೂ ಅಲ್ಲ, ಚುಚ್ಚಲೆಂದೂ ಅಲ್ಲ, ಮನೆಯೊಂದು ಸುಮ್ಮನೆ ಹಾಳಾಗಬಾರದಲ್ಲ ಎಂಬಂತೆ ಹೇಳಿದ್ದ. ಗ್ಲೇಬನಿಗೆ ಬೇರೆ ಊರಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಒಳ್ಳೆಯದಾಗಲಿ ಎನ್ನಬೇಕಿತ್ತು; ತಬ್ಬಿಕೊಳ್ಳಬೇಕಿತ್ತು; ಯಾವುದಕ್ಕೂ ಮುಖ ಬರಲಿಲ್ಲ.

"ಅಲ್ಲಿ ಮೀನು ಸಿಗುತ್ತಾ?" ಎಂದು ಕೇಳಿದ.

"ಸಿಗುತ್ತೆ," ಎಂದ ಇಂಗ್ವಾರ್. "ಮುಳ್ಳು ಜಾಸ್ತಿ. ನೋಡ್ಕೊಂಡು ತಿನ್ಬೇಕು."